ಕಣ್ಣು ಮಿಟುಕಿಸದ ಡೈರೆಕ್ಟರು

ಸವಣೂರಿನ ನಮ್ಮ ಕುರುಕಲು ಖಾರದ ಕಂಪನಿಗೆ ಡೈರೆಕ್ಟರುಗಳು ಇಬ್ಬರೇ, ನಾನು ಮತ್ತು ನನ್ನ ಹೆಂಡತಿ. ಕ್ಯಾಮೆರಾ ಮುಂದೆ ಗುರುತು ಸಾಬೀತು ಮಾಡದ ಡೈರೆಕ್ಟರನ ಸಹಿ ಇನ್ನು ನಡೆಯುವುದಿಲ್ಲ ಎಂದು ಸರ್ಕಾರದ ಹುಕುಂ ಬಂತು. ವಾರವಿಡೀ ಕನ್ನಡಿ ಮುಂದೆ ಕಣ್ಣು ಮಿಟುಕಿಸದೆ ಕೂರುವ ತಾಲೀಮು ಮಾಡಿದೆ. ಫೋಟೊದಲ್ಲಿ ಕಣ್ಣು ಮುಚ್ಚದವನು ತಾಲ್ಲೂಕಿಗೆ ನಾನೊಬ್ಬನೇ. ನಮ್ಮ ಮದುವೆಯಲ್ಲಿ ಫೋಟೊ ತೆಗೆಯುವವನೇ ನಾನು ಮಿಟುಕಿಸಲೆಂದು ಕಾದು ಕಾದು ನಿದ್ದೆ ಹೋದ, ನನ್ನ ರೆಪ್ಪೆ ಅಲುಗಲಿಲ್ಲ.

ಗಡುವಿನ ಕಡೆಯ ದಿನ ಕಂಪ್ಯೂಟರ್ ಸೆಂಟರಿಗೆ ಹೋದೆವು. ಹೆಂಡತಿಯದು ಕೂತ ಕೂಡಲೇ ಮುಗಿಯಿತು. ನಾನು ಎರಡು ಸಲ ಫೇಲಾದೆ.

“ಕಾಕಾ, ಕಣ್ಣ ಮಿಟಕಸ್ರಿ,” ಎಂದಳು ಸೆಂಟರಿನ ಶಾಹೀನ್.

“ಮಷಿನ್ ನನ್ನ ಪರೀಕ್ಷಾ ಮಾಡಾಕತ್ತೈತೇನವಾ? ನಾ ಮಿಟಕಸಾಂವಲ್ಲ.”

“ಮಿಟಕಸಲಿಲ್ಲಂದ್ರ ಕುಂತಾಂವ ಮನಷ್ಯಾ ಅಲ್ಲ, ಫೋಟೊ ಅಂತ ತಿಳೀತೈತ್ರಿ. ಇದ ಕಡೀ ಸಲ.”

ಈಗ ಮಿಟುಕಿಸೋಣವೆಂದರೆ ತಾಲೀಮಾದ ರೆಪ್ಪೆ ಜಪ್ಪಯ್ಯ ಅಂದರೂ ಅಲುಗಲಿಲ್ಲ.

“ಸರೀರಿ ಅತ್ತಾಗ,” ಎಂದ ಹೆಂಡತಿ ನಮ್ಮದೇ ಖಾರದ ಪಾಕೀಟು ಒಡೆದು, ತಳದಲ್ಲಿ ಕೂತ ಮೆಣಸಿನ ಪುಡಿಯನ್ನು ನನ್ನ ಮೂಗಿಗೆ ಹಿಡಿದಳು. ಸೀನಿದೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪಾಸಾಗಿದ್ದೆ.

ಅಂದಿನಿಂದ ಗಿರಾಕಿಗಳಿಗೆ ಧೈರ್ಯವಾಗಿ ಹೇಳುತ್ತಿದ್ದೇನೆ, ಫೋಟೊಗೂ ಸೀನು ಬರಿಸುವ ಖಾರ ಜಗತ್ತಿನಲ್ಲಿ ನಮ್ಮದೊಂದೇ.