ಊಟದ ಡಬ್ಬಿಯಲ್ಲಿ ಬಂದ ಹೆಪ್ಪು

"ಅಕ್ಕಾರ, ಕಲ್ಲು ಭಾಳ ಗಲೀಜಾಗಿದ್ವು. ಸೋಡಾ ಹಾಕಿ ತಿಕ್ಕಿ ತೊಳದೀನ್ರಿ!" ವಿಜಾಪುರ ಕಡೆಯ ಕಾರ್ಮಿಕ ಮಲ್ಲಪ್ಪನವರು ಹೆಮ್ಮೆಯಿಂದ ಹೇಳಿದಾಗ ನನ್ನ ಜೀವ ಬಾಯಿಗೆ ಬಂತು. ಎಪ್ಪತ್ತರ ದಶಕ; ಮುಂಬಯಿಯ ದಾದರ್ ಸಮೀಪದ ಕೊಳಚೆ ನೀರು ಶುದ್ಧೀಕರಣ ಘಟಕದಲ್ಲಿ ಫೆಲೋಶಿಪ್ ಮೇಲೆ ನನ್ನ ಪಿಎಚ್‌.ಡಿ. ಪ್ರಯೋಗ ನಡೆದಿತ್ತು. ನೀರಿನ ಕೊಳೆ ತಿನ್ನುವ ಸೂಕ್ಷ್ಮಜೀವಿಗಳನ್ನು ನನ್ನ ಪ್ರಯೋಗದ ತೊಟ್ಟಿಯಲ್ಲಿ ಕೊಳಚೆ ನೀರು ಹರಿಸುತ್ತಿದ್ದ ಆ ಕಲ್ಲುಗಳ ಲೋಳೆಯಲ್ಲೇ ಮೂರು ತಿಂಗಳು ಬೆಳೆಸಿದ್ದೆ.

"ಅದು ಗಲೀಜಲ್ಲ ಮಲ್ಲಪ್ಪ, ಮೊಸರಿಗೆ ಹೆಪ್ಪು ಇದ್ದಂಗೆ," ಎಂದೆ. ಅವರು ತಲೆತಗ್ಗಿಸಿ ಹೋದರು.

ಮರುದಿನ ಬೆಳಿಗ್ಗೆ ಬಂದು ತಮ್ಮ ಊಟದ ಡಬ್ಬಿ ತೆರೆದರು. ಒಳಗೆ ಘಟಕದ ದೊಡ್ಡ ತೊಟ್ಟಿಯ ಹಳೆಯ ಕಲ್ಲುಗಳಿಂದ ಕೆರೆದ ಕಪ್ಪು ಲೋಳೆ! "ಹೆಪ್ಪು ತಂದೀನ್ರಿ."

ಅದನ್ನು ತೊಳೆದ ಕಲ್ಲುಗಳಿಗೆ ಸವರಿದೆವು. ಅಂದು ನನ್ನ ಡಬ್ಬಿಯ ಮೊಸರನ್ನವನ್ನು ಇಬ್ಬರೂ ಹಂಚಿಕೊಂಡೆವು. ಪ್ರಬಂಧದಲ್ಲಿ ಆ ಲೋಳೆಗೆ ಉದ್ದನೆಯ ಇಂಗ್ಲಿಷ್ ಹೆಸರಿದೆ. ಮುಂದೆ ಅಧ್ಯಾಪಕಿಯಾದಾಗ ನನ್ನ ವಿದ್ಯಾರ್ಥಿಗಳಿಗೆ ಮಾತ್ರ ಹೆಪ್ಪು ಎಂದೇ ಕಲಿಸಿದೆ, ಒಬ್ಬರೂ ಮರೆತಿಲ್ಲ.