ಹಾರೆ ಬಿದ್ದ ಜಾಗ

ಅಣ್ಣನ ಎಡಗಣ್ಣು ಇರಬೇಕಾದ ಕಡೆ ಒಂದು ಹೊಲಿಗೆಯ ಗುರುತಿದೆ. ಹುಬ್ಬಿನಿಂದ ಶುರುವಾಗಿ, ಕೆನ್ನೆಯನ್ನು ಎರಡು ಮಾಡಿ, ಮೇಲ್ತುಟಿಯ ಮೂಲೆಗೆ ಬಂದು ನಿಲ್ಲುತ್ತದೆ. ಕರಡಿ ಮಾಡಿದ್ದು. ಆಗ ಅವನಿಗೆ ಹದಿನಾಲ್ಕೋ ಹದಿನೈದೋ ವರ್ಷ. ಈಗ ಐವತ್ತರ ಆಚೆಗಿದ್ದಾನೆ. ದಾವಣಗೆರೆಯ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿ ನಡೆಸುತ್ತಾನೆ. ಯುಗಾದಿ ಕಳೆದ ಮೇಲೆ ಒಂದು ದಿನ ನನ್ನನ್ನು ಅಂಗಡಿಗೆ ಕರೆಸಿಕೊಂಡು, ಈ ಬೇಸಿಗೆಯಲ್ಲಿ ಕರಡಿ ನೋಡಲು ಹೋಗೋಣ ಎಂದ.

"ಯಾವ ಕರಡಿ?" ಎಂದೆ.

"ನಮ್ಮ ಕಡೀದಲ್ಲ, ಬ್ಯಾರೆ. ಲಡಾಖಿನ ಕಡೆ ದ್ರಾಸ್ ಅಂತ ಐತಲ್ಲ, ಅಲ್ಲಿಂದು. ಕಂದು ಕರಡಿ. ಹಿಮ ಕರಗಿದ ಮ್ಯಾಲೆ ಗುಡ್ಡ ಇಳಿದು ಹುಲ್ಲಿಗೆ ಬರ್ತಾವಂತೆ. ತೋರ್ಸಾಕ ಒಬ್ಬ ಗೈಡ್ ಅದಾನ. ಮಾತಾಡೀನಿ."

"ಯಾಕಣ್ಣ?"

ಹಮಾಲರು ಚೀಲ ಇಳಿಸುತ್ತಿದ್ದರು. ಅವರು ಹೊರಗೆ ಹೋದ ಮೇಲೆ ಹೇಳಿದ: "ಕನಸಿನಾಗ ಆ ಪ್ರಾಣೀನ ಎಷ್ಟು ಸಲ ಕೊಂದೀನೋ ನನಗ ಗೊತ್ತಿಲ್ಲ. ಒಂದೊಂದು ಸಲ ಒಂದೊಂದು ನಮೂನಿ. ಕೊಡ್ಲಿ, ಕಲ್ಲು, ಬರೇ ಕೈ. ಎದುರಿಗೆ ಜೀವಂತ ಒಂದು ಬಂದು ನಿಂತ್ರ ನನಗ ಹೊಡೀಬೇಕು ಅನ್ನಿಸ್ತೈತೋ, ಸುಮ್ನೆ ನೋಡಬೇಕು ಅನ್ನಿಸ್ತೈತೋ, ಅದೊಂದು ಗೊತ್ತಾಗಬೇಕು. ಹೊಡೀಬೇಕು ಅಂತನೇ ಆದ್ರ ಇನ್ನು ಅದರ ತಂಟೆಗೆ ಹೋಗಲ್ಲ."

ಮನೆಯಲ್ಲಿ ಅತ್ತಿಗೆ ಒಪ್ಪಲಿಲ್ಲ. "ಒಂದು ಕಣ್ಣು ಕೊಟ್ಟಿದ್ದು ಸಾಲ್ಲಿಲ್ಲ ಇವ್ರಿಗೆ, ಇನ್ನೊಂದನ್ನೂ ಕೊಟ್ಟು ಬರ್ತಾರಂತೆ. ನೋಡಪ್ಪ, ನೀನು ಓದಿದವ, ನೀನಾದ್ರೂ ಬುದ್ಧಿ ಹೇಳು."

ನಾನು ಓದಿದ್ದು ಮನಃಶಾಸ್ತ್ರ. ಒಂದು ಕೆಲಸದಲ್ಲೂ ನೆಟ್ಟಗೆ ನಿಲ್ಲದೆ ಊರೂರು ತಿರುಗಿ, ಈಗ ಹರಿಹರದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕಣ್ಣಾರೆ ಕಂಡೆ ಎನ್ನುವ ಸಾಕ್ಷಿಗಳ ನೆನಪು ಹೇಗೆ ಕೆಡುತ್ತದೆ ಎಂಬುದರ ಮೇಲೆ ವಿಶ್ವವಿದ್ಯಾಲಯದಲ್ಲಿ ಕೆಲವು ವರ್ಷ ಕಳೆದವನು. ಅದರಿಂದ ಬೇರೆಯವರಿಗೆ ಏನು ಉಪಯೋಗವಾಯಿತೋ ತಿಳಿಯದು. ನನ್ನ ಮಟ್ಟಿಗಂತೂ ನನ್ನದೇ ತಲೆಯೊಳಗಿನ ಯಾವ ಚಿತ್ರವನ್ನೂ ಪೂರ್ತಿ ನಂಬಲಾಗದ ಸ್ಥಿತಿ ಬಂತು. ಬುದ್ಧಿ ಹೇಳುವುದಿರಲಿ, ನಾನೂ ಬರುತ್ತೇನೆ ಎಂದುಬಿಟ್ಟೆ.

ಕರಡಿ ಅಣ್ಣನ ಮೇಲೆ ಬಿದ್ದದ್ದು ಕೊಂಡಜ್ಜಿ ಗುಡ್ಡದ ಬುಡದಲ್ಲಿದ್ದ ನಮ್ಮ ಸೋದರತ್ತೆಯ ಹೊಲದಲ್ಲಿ. ಮಳೆಗಾಲದ ಮೆಕ್ಕೆಜೋಳ ಆಳೆತ್ತರ ಬೆಳೆದಿತ್ತು. ಒಳಗೆ ಮರಿ ಇಟ್ಟುಕೊಂಡು ತಾಯಿ ಮಲಗಿತ್ತು. ಅಣ್ಣ ತೆನೆ ಮುರಿಯಲು ನುಗ್ಗಿದ. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ದಾವಣಗೆರೆಯ ಆಸ್ಪತ್ರೆಗೆ ತಂದಾಗ ಅವನ ಮುಖದ ಒಂದು ಪಾಲು ಟವೆಲಿನಲ್ಲಿತ್ತಂತೆ. ಹೊಲಿದು ಮಲಗಿಸಿದ ಮೇಲೆ ಅಜ್ಜಿಯ ಕಣ್ಣಿಗೆ ಬಿದ್ದದ್ದು ಬೇರೆಯೇ. ಅವನ ಕೊರಳಲ್ಲಿ ಇಷ್ಟಲಿಂಗ ಇರಲಿಲ್ಲ.

ಲಿಂಗ ಮೈಮೇಲಿಂದ ಜಾರಿದರೆ ಅದು ಸಿಗುವವರೆಗೆ, ಇಲ್ಲವೇ ಸ್ವಾಮಿಗಳು ಬಂದು ಬೇರೆಯದನ್ನು ಕಟ್ಟುವವರೆಗೆ ಬಾಯಿಗೆ ಏನನ್ನೂ ಹಾಕಬಾರದು ಎಂಬುದು ನಮ್ಮ ಮನೆಯ ನೇಮ. ಅಜ್ಜಿ ಹಾಲಿನ ಲೋಟ ಹಿಡಿದುಕೊಂಡೇ ವಾರ್ಡಿನ ಬಾಗಿಲಲ್ಲಿ ಕೂತಳು. ತಾನೂ ಕುಡಿಯಲಿಲ್ಲ, ಅವನಿಗೂ ಕುಡಿಸಗೊಡಲಿಲ್ಲ. "ಹೊಲದಾಗೇ ಬಿದ್ದಿರ್ತೈತೆ, ಹುಡುಕ್ಕೊಂಡು ಬರ್ರಿ," ಎಂದು ಗಂಡಸರನ್ನೆಲ್ಲ ಎಬ್ಬಿಸಿ ಕಳಿಸಿದಳು. ಅಪ್ಪ, ಚಿಕ್ಕಪ್ಪಂದಿರು, ಹೊಲದ ಆಳುಗಳು ಕುಡುಗೋಲು, ಹಾರೆ ಹಿಡಿದು ಜೋಳದೊಳಗೆ ಸಾಲು ಸಾಲಾಗಿ ನುಗ್ಗಿದರು. ಮರಿಯನ್ನು ಬಿಟ್ಟು ಕರಡಿ ಎಲ್ಲೂ ಹೋಗಿರಲಿಲ್ಲ. ಲಿಂಗ ಹುಡುಕುತ್ತಿದ್ದವರ ಎದುರಿಗೆ ಎದ್ದು ನಿಂತಿತು. ಹೊಡೆದು ಕೊಂದರು. ಮರಿಯನ್ನೂ ಬಿಡಲಿಲ್ಲ.

ಲಿಂಗ ಸಿಕ್ಕಿದ್ದು ಆಸ್ಪತ್ರೆಯಲ್ಲೇ. ಆಯಾ ಕತ್ತರಿಸಿ ಮೂಲೆಗೆಸೆದಿದ್ದ ಅಂಗಿಯ ತೋಳಿನಲ್ಲಿ ಶಿವದಾರ ಸಿಕ್ಕಿಹಾಕಿಕೊಂಡಿತ್ತು. ಅಜ್ಜಿ ರಕ್ತ ತೊಳೆದು ಕಟ್ಟಿ, ಆಮೇಲೆ ಹಾಲು ಕುಡಿಸಿದಳು. ಆ ವಾರ್ಡನ್ನು ಬಿಟ್ಟು ಯಾರೂ ಹೊಲಕ್ಕೆ ಹೋಗಬೇಕಿರಲಿಲ್ಲ.

ಸತ್ತ ಕರಡಿಯನ್ನು ಹಗ್ಗ ಕಟ್ಟಿ ರಸ್ತೆಗೆ ಎಳೆದು ತಂದದ್ದು ನನ್ನ ಕಣ್ಣ ಮುಂದಿದೆ. ನಾಲಿಗೆಗೆ ಮೆತ್ತಿದ ಕರಿಮಣ್ಣು, ಒಡೆದ ತಲೆಯ ಮೇಲೆ ನೊಣಗಳ ಗುಂಯ್ ಸದ್ದು, ಎದೆಯ ಬಿಳಿ ಪಟ್ಟೆಯ ಮೇಲೆ ಚಿಕ್ಕಪ್ಪನ ಕಾಲು. ಅಣ್ಣ ಇದನ್ನು ಕೇಳಿದಾಗಲೆಲ್ಲ ನಗುತ್ತಾನೆ. "ಲೇ, ನೀನು ಆಗ ಮಂಗನಬಾವು ಬಂದು ಹರಿಹರದಾಗ ಅವ್ವನ ತವರುಮನ್ಯಾಗ ಬಿದ್ದಿದ್ದಿ. ನೀನೆಲ್ಲಿ ನೋಡ್ದಿ?" ಅವ್ವನೂ ಹಾಗೆಯೇ ಹೇಳುತ್ತಾಳೆ. ಅವರದೇ ಸರಿ ಇರಬೇಕು. ಆದರೆ ಆ ನೊಣಗಳ ಸದ್ದು ಯಾರು ಹೇಳಿ ನನ್ನ ಕಿವಿಗೆ ಬಂತು?

ತಯಾರಿ ನಡೆಯಿತು. ಮೇ ತಿಂಗಳ ದಾವಣಗೆರೆಯಲ್ಲಿ ಉಣ್ಣೆ ಬಟ್ಟೆ ಕೇಳಿಕೊಂಡು ಅಂಗಡಿ ಅಂಗಡಿ ಹತ್ತಿದೆವು. ಒಬ್ಬ ಜವಳಿಯವನು ಫ್ಯಾನನ್ನು ನಮ್ಮ ಕಡೆ ತಿರುಗಿಸಿ, "ಜ್ವರ ಗಿರ ಬಂದೈತೇನ್ರಿ? ಈ ಬಿಸಲಾಗ ಸ್ವೆಟರ್ ಕೇಳಾಕತ್ತೀರಿ," ಎಂದ. ಅಟ್ಟದಿಂದ ಧೂಳು ಹಿಡಿದ ಕೈಗವಸು, ಕಾಲುಚೀಲ ಇಳಿಸಿಕೊಟ್ಟ. ಅಣ್ಣ ಅಲ್ಲೇ ತೊಟ್ಟು ನೋಡಿ ಬೆವೆತ. ಗೈಡು ಫೋನಿನಲ್ಲಿ ಒಂದೇ ಮಾತು ಒತ್ತಿ ಹೇಳಿದ್ದ: ಗಾಳಿ ತೆಳ್ಳಗಿರುತ್ತದೆ, ಹೊರೆ ಹೊತ್ತು ಗುಡ್ಡ ಹತ್ತುವುದನ್ನು ರೂಢಿ ಮಾಡಿಕೊಂಡು ಬನ್ನಿ.

ನಮ್ಮ ಸೀಮೆ ಚಪ್ಪಟೆ. ಹತ್ತಲು ಹತ್ತಿರದಲ್ಲಿ ಇರುವುದು ಕೊಂಡಜ್ಜಿ ಗುಡ್ಡವೇ. ಬೇರೆ ಕಡೆ ಹೋಗೋಣವೆಂದು ನಾನು ಅಂದೆ. ಅಣ್ಣ ಕೇಳಲಿಲ್ಲ. ಅಂಗಡಿಯ ಮೆಕ್ಕೆಜೋಳವನ್ನೇ ಬೆನ್ನಚೀಲಕ್ಕೆ ತುಂಬಿ, ಬೆಳಗ್ಗೆ ಕೆರೆ ಏರಿಯ ಹತ್ತಿರ ಕಾರು ನಿಲ್ಲಿಸಿ, ಬಂಡೆಗಳ ನಡುವೆ ಹತ್ತಿ ಇಳಿಯುವುದು ನಮ್ಮ ಅಭ್ಯಾಸವಾಯಿತು. ಒಂದು ಕಣ್ಣಿನವನಾದ್ದರಿಂದ ಅವನಿಗೆ ಹತ್ತಿರ ದೂರದ ಅಂದಾಜು ಸರಿಯಾಗಿ ಸಿಗುವುದಿಲ್ಲ. ಥರ್ಮಾಸಿನಿಂದ ಚಹಾ ಬಗ್ಗಿಸಿದರೆ ಅರ್ಧ ಲೋಟದ ಹೊರಗೆ. ಬಂಡೆಯಿಂದ ಬಂಡೆಗೆ ಕಾಲಿಡುವಾಗ ಮೊದಲು ಪಾದದಿಂದ ತಡವುತ್ತಿದ್ದ. ಆದರೂ ನನಗಿಂತ ಮುಂದಿರುತ್ತಿದ್ದ.

ಆ ದಿನ ಇಳಿಯುವಾಗ ಕೆಳಗಿನಿಂದ ಕೂಗು ಕೇಳಿಸಿತು. ಬೋರ್‌ವೆಲ್ ನೀರಿಗೆ ಬೆಳೆದ ಬೇಸಿಗೆ ಜೋಳದ ಹೊಲದ ಬದುವಿನಲ್ಲಿ ಜನ ಸೇರಿದ್ದರು. ಹಂದಿಗೆಂದು ಹಾಕಿದ್ದ ಉರುಳಿಗೆ ಕರಡಿ ಬಿದ್ದಿತ್ತು. ಬೈಕಿನ ಕ್ಲಚ್ ವೈರಿನ ಉರುಳು, ಜಾಲಿಯ ಗೂಟ. ವೈರು ಮುಂಗಾಲಿನಲ್ಲಿ ಎಲುಬಿನವರೆಗೆ ಇಳಿದಿತ್ತು. ಕರಡಿ ಗೂಟದ ಸುತ್ತ ಸುತ್ತುತ್ತ, ವೈರನ್ನೂ ತನ್ನ ಕಾಲನ್ನೂ ಒಟ್ಟಿಗೇ ಕಚ್ಚುತ್ತಿತ್ತು. ಕಲ್ಲು ಬಿದ್ದಾಗ ಮನುಷ್ಯರ ಹಾಗೆ ಅರಚುತ್ತಿತ್ತು. ಕೆಲವರು ಕಲ್ಲೆಸೆಯುತ್ತಿದ್ದರು, ಕೆಲವರು ಮೊಬೈಲ್ ಹಿಡಿದಿದ್ದರು. ಅರಣ್ಯ ಇಲಾಖೆಗೆ ಫೋನ್ ಹೋಗಿದೆ, ಬರುತ್ತಿದ್ದಾರೆ ಎಂದು ಯಾರೋ ಅಂದರು. "ಅವ್ರು ಬಂದ್ರ ಇದನ್ನ ಎತ್ಕೊಂಡ್ ಹೋಗಿ ಇಲ್ಲೇ ಆಚೆ ಗುಡ್ಡದಾಗ ಬಿಡ್ತಾರ, ಮುಗಿಸ್ರೋ," ಎಂದು ಇನ್ನೊಬ್ಬ. ಹಿಂದಿನ ವಾರ ಸೌದೆಗೆ ಹೋದ ಹೆಂಗಸೊಬ್ಬಳ ತಲೆಯನ್ನು ಕರಡಿ ಸುಲಿದಿತ್ತು. ಇದೇ ಕರಡಿಯೋ ಬೇರೆಯೋ ಯಾರಿಗೆ ಗೊತ್ತು?

ಹೊಲದ ಯಜಮಾನ ಬಿಳಿ ಮೀಸೆಯ ಮನುಷ್ಯ. ತಿರುಗಿ ಅಣ್ಣನನ್ನು ನೋಡಿದ. ಎಲ್ಲರೂ ನೋಡಿದರು. ಕಲ್ಲುಗಳು ನಿಂತವು.

"ಇದ್ರದ್ದ ಕೆಲ್ಸಾನಾ ನಿಮ್ಮ ಮುಖ?" ಎಂದು ಆತ ಕೇಳಿದ.

"ಇದೇ ಗುಡ್ಡ. ಭಾಳ ವರ್ಷ ಆತು," ಎಂದ ಅಣ್ಣ.

"ಹಂಗಾದ್ರ ಮೊದ್ಲ ಏಟು ನಿಮ್ದು ಯಜಮಾನ್ರೆ. ತಗೋರಿ." ಆತ ತನ್ನ ಕೈಯಲ್ಲಿದ್ದ ಹಾರೆಯನ್ನು ಎರಡೂ ಕೈಯಿಂದ, ಮಠದಲ್ಲಿ ಹಣ್ಣು ಕೊಡುವ ಹಾಗೆ, ಮುಂದೆ ಹಿಡಿದ. ಜನ ಸರಿದು ದಾರಿ ಬಿಟ್ಟರು.

"ಬ್ಯಾಡಣ್ಣ, ನಡಿ," ಎಂದೆ. ಅಂದೆನೆಂದು ನನ್ನ ನೆನಪು.

ಅಣ್ಣ ಹಾರೆ ತೆಗೆದುಕೊಂಡ. ಬೆನ್ನಚೀಲವನ್ನು ಇಳಿಸಲೂ ಇಲ್ಲ. ಕರಡಿ ಹಿಂಗಾಲ ಮೇಲೆ ಎದ್ದಿತು. ವೈರು ಎಳೆದು ಮತ್ತೆ ಕೆಡವಿತು. ಅವನು ಅದರ ಉಸಿರು ತಾಗುವಷ್ಟು ಹತ್ತಿರ ಹೋದ. ಹಾರೆಯನ್ನು ತಲೆಯ ಮೇಲೆತ್ತಿದ. ಬೀಸುವ ಮೊದಲು ಅವನ ಒಂಟಿ ಕಣ್ಣು ಕರಡಿಯನ್ನು ಬಿಟ್ಟು ಗೂಟದ ಕಡೆ ಹೊರಳಿದ್ದನ್ನು ನಾನು ಕಂಡೆ. ಹಾರೆ ಗೂಟದ ತಲೆಗೆ ಬಿತ್ತು. ಗೂಟ ಸೀಳಿತು. ವೈರು ಗೂಟದಿಂದ ಜಾರಿ ಹೊರಬಂತು.

ಮುಂದಿನದಕ್ಕೆ ಒಂದು ಕ್ರಮವಿಲ್ಲ. ಕರಡಿ ಜನರ ಮಧ್ಯದಿಂದಲೇ ಹೊರಟಿತು. ಅಡ್ಡ ಬಂದ ಹೊಲದ ಯಜಮಾನನ ತೊಡೆಯನ್ನು ಒಂದು ಸಲ ಬಾಯಲ್ಲಿ ಹಿಡಿದು, ಬಟ್ಟೆ ಒಗೆಯುವವರ ಹಾಗೆ ಕೊಡವಿ, ಬಿಸಾಡಿ, ವೈರನ್ನು ಎಳೆದುಕೊಂಡು ಮೂರು ಕಾಲಿನಲ್ಲಿ ಬಂಡೆ ಹತ್ತಿತು. ಆತನ ಪಂಚೆ ನೋಡನೋಡುತ್ತ ಕೆಂಪಾಯಿತು. ಆಮೇಲೆ "ಬೇಕಂತ ಬಿಟ್ಟ ಕಣ್ರೋ ಈ ಕುಲ್ಡ!" ಎಂಬ ಕೂಗು. ಕರಡಿಗೆಂದು ಹಿಡಿದಿದ್ದ ಕೋಲುಗಳೆಲ್ಲ ಅಣ್ಣನ ಮೇಲೆ ಬಿದ್ದವು. ಅವನು ಕೈ ಅಡ್ಡ ಹಿಡಿದ. ಮುಂಗೈ ಮುರಿದ ಸದ್ದು ಒಣ ಕಡ್ಡಿ ಮುರಿದಂತೆ ಕೇಳಿಸಿತು. ಚೀಲ ಹರಿದು ಮೆಕ್ಕೆಜೋಳ ಸುರಿಯಿತು. ಕಾಳಿನ ಮೇಲೆ ಜಾರುತ್ತ, ಬೀಳುತ್ತ ಹೊಡೆದರು. ನಾನು ಅವನ ಮೇಲೆ ಬಿದ್ದೆ. ನನಗೂ ಸಾಕಷ್ಟು ಬಿತ್ತು, ಒಂದು ಹಲ್ಲು ಅಲ್ಲೇ ಹೋಯಿತು. ಇಲಾಖೆಯ ಜೀಪು ಬರದಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲ.

ಎರಡು ಪಕ್ಕೆಲುಬು, ಬಲ ಮುಂಗೈ. ದಾವಣಗೆರೆಯ ಆಸ್ಪತ್ರೆಯಲ್ಲಿ ಅಣ್ಣನನ್ನು ಮಲಗಿಸಿದ್ದರು. ಹೊಲದ ಯಜಮಾನನೂ ಅದೇ ಮಹಡಿಯಲ್ಲಿದ್ದ. ತೊಡೆ ಉಳಿಯಿತಂತೆ. ಅಣ್ಣನನ್ನು ಬಡಿದವರೇ ಆತನನ್ನು ನೋಡಲು ಬಂದು, ನಮ್ಮ ಬಾಗಿಲು ದಾಟುವಾಗ ಒಳಗೆ ಇಣುಕಿ, "ಹೆಂಗದಾರ್ರಿ?" ಎಂದು ಕೇಳಿ ಹೋಗುತ್ತಿದ್ದರು. ಅತ್ತಿಗೆ ಅವರಿಗೆ ಕುರ್ಚಿಯನ್ನೂ ತೋರಿಸಲಿಲ್ಲ, ಬೈಯಲೂ ಇಲ್ಲ. ಮೂಸಂಬಿ ಸುಲಿಯುತ್ತಿದ್ದಳು.

ಮೂರನೆಯ ದಿನವಿರಬೇಕು, ಅಣ್ಣ ಮಾತಾಡಿದ.

"ತಮ್ಮಾ, ನೀನು ಪಕ್ಕದಾಗೇ ಇದ್ದಿ. ನಾನು ಎದಕ್ಕ ಬೀಸ್ದೆ ಹೇಳು. ಗೂಟಕ್ಕೋ, ಅದರ ತಲಿಗೋ?"

"ನಿನಗ ಗೊತ್ತಿಲ್ಲೇನು?"

"ಇಲ್ಲ. ಕೈಯಾಗ ಹಾರೆ ಬಂದಿದ್ದು ಗೊತ್ತೈತೆ, ಅದರ ವಾಸನಿ ಗೊತ್ತೈತೆ. ನಡುವಿಂದು ಇಲ್ಲ. ನನ್ನ ಕಣ್ಣಿಂದು ನಿನಗ ಗೊತ್ತೈತಲ್ಲ, ತಲಿಗೆ ಬೀಸಿದ್ದು ಗೂಟಕ್ಕ ಬಿದ್ದಿರಬಹುದು."

"ತಲಿಗೇ ಬೀಸೀರಿ," ಎಂದಳು ಅತ್ತಿಗೆ ತಲೆ ಎತ್ತದೆ. "ನಿಮ್ಮ ಮುಖ ಅದು ಕಿತ್ತೈತೆ. ನೀವು ಅದರ ತಲಿ ಒಡೀಬೇಕು ಅಂದ್ಕೊಂಡ್ರ ಅದರಾಗ ತಪ್ಪೇನೈತೆ? ಒಪ್ಕೊಂಡು ಮನ್ಯಾಗಿರ್ರಿ. ಲಡಾಖು ಗಿಡಾಖು ಸಾಕು."

ಅಣ್ಣ ನನ್ನನ್ನೇ ನೋಡುತ್ತಿದ್ದ. ನಾನು ಹೇಳುವ ಒಂದು ಮಾತಿನ ಮೇಲೆ ಅವನು ತನ್ನನ್ನು ಎಂಥವನೆಂದು ತಿಳಿದು ಉಳಿದ ದಿನ ಕಳೆಯುತ್ತಾನೆ ಎಂಬುದು ನನಗೆ ತಿಳಿಯುತ್ತಿತ್ತು. ಕಣ್ಣು ಗೂಟದ ಕಡೆ ಹೊರಳಿತು. ಅದು ನನಗೆ ಇವತ್ತಿಗೂ ಸ್ಪಷ್ಟವಾಗಿದೆ. ನಾನಿಲ್ಲದ ಜಾಗದಲ್ಲಿ ಸತ್ತ ಕರಡಿಯ ನಾಲಿಗೆಯ ಮೇಲಿನ ಮಣ್ಣೂ ಅಷ್ಟೇ ಸ್ಪಷ್ಟವಾಗಿದೆ.

"ಗೂಟ ನೋಡಿ ಹೊಡೆದಿ ಅಂತ ನನಗ ಕಂಡೈತೆ," ಎಂದೆ. "ಆದ್ರ ನಾನು ಹಂಗಾಗ್ಲಿ ಅಂತಿದ್ದವ. ಅದಕ್ಕ ಹಂಗೆ ಕಂಡಿರಬಹುದು. ನನ್ನ ಮಾತಿನ ಮ್ಯಾಲೆ ಏನೂ ಕಟ್ಟಬ್ಯಾಡ."

"ಇಷ್ಟು ಹೇಳಾಕ ಯೂನಿವರ್ಸಿಟಿಗೆ ಹೋಗಿದ್ದೇನ್ಲೇ," ಎಂದ. ನಗಲು ಹೋಗಿ ಪಕ್ಕೆ ಹಿಡಿದುಕೊಂಡ. ನೋವು ಇಳಿಯುವವರೆಗೆ ಕಣ್ಣು ಮುಚ್ಚಿಕೊಂಡಿದ್ದ. ಆಮೇಲೆ, "ಆ ಗೈಡಿಗೆ ಫೋನ್ ಹಚ್ಚು," ಎಂದ.

ಅತ್ತಿಗೆ ಮೂಸಂಬಿ ಸಿಪ್ಪೆಯನ್ನು ಬುಟ್ಟಿಗೆ ಎಸೆದು ಎದ್ದು ಹೊರಗೆ ಹೋದಳು.

ಎಲುಬು ಕೂಡಬೇಕು, ಈಗ ಆಗುವುದಿಲ್ಲ, ಆಗಸ್ಟ್ ಕೊನೆಗೆ ಬಂದರೆ ಆಗುತ್ತದೆಯೇ ಎಂದು ಕೇಳಿದೆ. ಆಗುತ್ತದೆ, ಹಿಮ ಬೀಳುವ ಮುಂಚೆ ಅವು ಕೆಳಗೇ ಇರುತ್ತವೆ ಎಂದ ಗೈಡು. ಅಣ್ಣ ಎಡಗೈಯಿಂದ ಫೋನು ಕಿತ್ತುಕೊಂಡು, ಎಪಿಎಂಸಿಯಲ್ಲಿ ಮಾರ್ವಾಡಿಗಳ ಜೊತೆ ಮಾತಾಡಿ ಕಲಿತ ಹಿಂದಿಯಲ್ಲಿ, ತನಗೆ ಒಂದೇ ಕಣ್ಣು, ಬಹಳ ದೂರದಿಂದ ತೋರಿಸಿದರೆ ಸಾಕು, ಕೈಯಲ್ಲಿ ಮಾತ್ರ ಏನೂ ಕೊಡಬಾರದು ಎಂದ. ಆ ಕಡೆಯವನು, ಕಡಿದಾದ ಜಾಗ, ಊರುಗೋಲಂತೂ ಬೇಕೇ ಬೇಕು ಎಂದದ್ದು ನನಗೂ ಕೇಳಿಸಿತು.

"ಲಕ್ಡೀ ಭೀ ನಹೀಂ," ಎಂದ ಅಣ್ಣ. "ಬೀಳ್ತೀನಿ, ಏಳ್ತೀನಿ. ಖಾಲಿ ಹಾಥ್ ಆತಾ ಹೂಂ, ಭಾಯ್."