ಸುಣ್ಣದ ಗೆರೆಯಾಚೆ

ನಿಜಾಮರ ಕಾಲದ ಕಲಬುರಗಿಯಲ್ಲಿ ಮನೆ ಕಟ್ಟಿಸುವವರು ಕಮಲಾಪುರದ ಗೌಂಡಿ ದೌಲಪ್ಪನನ್ನೇ ಕರೆಸುತ್ತಿದ್ದರು, ಕರೆಸಿ ಬೈಯುತ್ತಿದ್ದರು. ಅವನದೊಂದು ಹುಚ್ಚು ಪದ್ಧತಿ. ಪಾಯ ತೋಡುವ ಮುಂಚೆ ಬಯಲಲ್ಲೇ ಸುಣ್ಣದ ಗೆರೆ ಎಳೆಯುತ್ತಿದ್ದ. ಮನೆಮಂದಿಯೆಲ್ಲ ಒಂದು ದಿನ ಅದರೊಳಗೆ ಬಾಳಿ ತೋರಿಸಬೇಕು. ಯಾರು ಎಲ್ಲಿ ಕೂರುತ್ತಾರೆ, ಎಲ್ಲಿ ಅಡ್ಡಾಗುತ್ತಾರೆ ಎಂದು ನೋಡಿಯೇ ಗೋಡೆ ಎಬ್ಬಿಸುತ್ತಿದ್ದ. ಆ ಕಾಲವೇ ಚೆನ್ನಾಗಿತ್ತು ಬಿಡಿ, ಗೌಂಡಿಯ ಮಾತಿಗೆ ವಕೀಲರೂ ಬಿಸಿಲಲ್ಲಿ ಕೂರುತ್ತಿದ್ದರು.

ವಕೀಲ ವೆಂಕಟೇಶರಾಯರೂ ಹಾಗೆ ಕೂತರು. ಎಲ್ಲರೂ ಸೇರುವ ಪಡಸಾಲೆಯಲ್ಲಿ ಮಕ್ಕಳು, ಅಡುಗೆಮನೆಯ ಗೆರೆಯೊಳಗೆ ಹೆಂಡತಿ ಜಾನಕೀಬಾಯಿ, ಕಕ್ಷಿದಾರರು ಬರುವ ದಿವಾನಖಾನೆಯಲ್ಲಿ ಠೀವಿಯಿಂದ ರಾಯರು. ಅವರ ವಿಧವೆ ಅಕ್ಕ ಸಕ್ಕೂಬಾಯಿ ಮಾತ್ರ ತಂಬಿಗೆ ಹಿಡಿದು ಗೆರೆಯಾಚೆ ನಿಂತಿದ್ದರು.

“ಬಾಯಾರ, ನೀವ್ ಎಲ್ಲಿ ಕೂಡ್ತೀರ್ರಿ?” ದೌಲಪ್ಪ ಕೇಳಿದ.

“ನಂದೇನಪ್ಪಾ, ಎಲ್ಲೆರ ಒಂದ್ ಮೂಲ್ಯಾಗ ಇರ್ತೀನಿ.”

ದೌಲಪ್ಪ ದಿವಾನಖಾನೆಯ ಗೆರೆಯನ್ನು ಕಾಲಿಂದ ಅಳಿಸಿ, ಆರು ಮೊಳ ಒಳಕ್ಕೆ ತಂದು, ಉಳಿದ ಜಾಗದಲ್ಲಿ ಒಂದು ಕೋಣೆ ಬರೆದ.

ರಾಯರು ಸಿಡಿದೆದ್ದರು. “ನನ್ನ ದಿವಾನಖಾನಿ ಸಣ್ಣದಾಗ್ತದ! ಮನಿಯೆಲ್ಲಾ ಅಕ್ಕಂದೇ ಅದ, ಬ್ಯಾರೆ ಖೋಲಿ ಯಾಕ?”

“ಹಂಗಿದ್ರ ಅವ್ರು ಹೊರಗ್ಯಾಕ ನಿಂತಾರ್ರಿ? ಖೋಲಿ ಬ್ಯಾಡಂದ್ರ ಬ್ಯಾರೆ ಗೌಂಡೀನ ನೋಡ್ಕೋರಿ.”

ರಾಯರು ತಿರುಗಿ ನೋಡಿದರು. ಬೆಳಿಗ್ಗೆಯಿಂದ ಅಕ್ಕ ನಿಂತೇ ಇದ್ದುದು ಅವರಿಗೆ ಆಗಷ್ಟೇ ಕಂಡದ್ದು. ಹೊಸ ಗೆರೆಯೊಳಕ್ಕೆ ಸರಿದು ಕೂತು, “ಹಂಗೇ ಕಟ್ಟಪ್ಪಾ,” ಅಂದರು.

ಗೃಹಪ್ರವೇಶದ ದಿನ ಸಕ್ಕೂಬಾಯಿ ಆ ಕೋಣೆಗೆ ಹೋಗಿ, ಮೊದಲ ಸಲ ತಮ್ಮದೇ ಬಾಗಿಲಿಗೆ ಒಳಗಿನಿಂದ ಅಗಳಿ ಹಾಕಿಕೊಂಡರು. ಊಟಕ್ಕೆ ಕರೆದರೂ ಬೇಗ ಹೊರಗೆ ಬರಲಿಲ್ಲ. ಅಂಗಳದಲ್ಲಿದ್ದ ದೌಲಪ್ಪನ ಕಣ್ಣು ತುಂಬಿ ಬಂತು.

ಉಬ್ಬಿಹೋಗಿ ಕಮಲಾಪುರಕ್ಕೆ ಬಂದವನೇ ಹೆಂಡತಿ ದುಂಡಮ್ಮನಿಗೆ ಎಲ್ಲ ಹೇಳಿದ. ಅವರದು ಒಂದೇ ಕೋಣೆಯ ಮನೆ. ರೊಟ್ಟಿ ಬಡಿಯುತ್ತಲೇ ಅವಳು, “ಈ ಮನಿ ಕಟ್ಟುವಾಗ ನನ್ನ ಕೇಳಿದ್ದೇನು?” ಅಂದಳು.

ಕೇಳಿರಲಿಲ್ಲ. ಮರುದಿನ ಹಿತ್ತಲ ಬಾಳೆಯ ನೆರಳಲ್ಲಿ, ಅವಳು ಬೆರಳು ತೋರಿದ ಕಡೆ, ಒಬ್ಬರೇ ಕೂರುವಷ್ಟು ಕಲ್ಲಿನ ಕಟ್ಟೆ ಕಟ್ಟಿದ.

ದುಂಡಮ್ಮ ಹೋಗಿ ಎಷ್ಟೋ ವರ್ಷವಾದ ಮೇಲೂ ಮುದುಕ ದೌಲಪ್ಪ ಆ ಕಟ್ಟೆಯ ಪಕ್ಕ ನೆಲದ ಮೇಲೇ ಕೂರುತ್ತಿದ್ದ. ಬಂದವರು ಯಾರಾದರೂ ಅದರ ಮೇಲೆ ಕೂರಹೋದರೆ, “ಅದು ದುಂಡಮ್ಮನ ಜಾಗಾರೀ,” ಅನ್ನುತ್ತಿದ್ದ.